ಉಣ್ಣೆಚೆಂಡಿನ ಊರಿಗೆ ಕಾವಲು

ಬೇವಿನಮರದಿಂದ ಉಣ್ಣೆಚೆಂಡು ಅವರಿಗೆ
ಭಾನುವಾರ, 5 ಫೆಬ್ರವರಿ 2012

ನಮಸ್ಕಾರ.

ನಾನು ನಮ್ಮ ಪಡೆಗೆ ಹೊಸದಾಗಿ ಸೇರಿದ್ದೇನೆ. ಇಂಟರ್ನೆಟ್ಟಿನ ಈ ‘ಸಾವಿರ ಸೀಮೆ’ ಆಟಕ್ಕೆ ಬಂದು ಮೂರು ತಿಂಗಳಾಯಿತು. ನನ್ನ ಊರಿಗೆ ಇನ್ನೂ ಗೋಡೆ ಎದ್ದಿಲ್ಲ, ಕಣಜ ಮಾತ್ರ ಇದೆ.

ಪ್ರತಿ ಭಾನುವಾರ ಒಬ್ಬೊಬ್ಬರು ಪಡೆಯವರೆಲ್ಲ ಓದುವ ‘ಜಗಲಿ’ ಪುಟದಲ್ಲಿ ತಮ್ಮ ಬದುಕಿನ ಕಥೆ ಬರೆಯಬೇಕೆಂಬ ನಮ್ಮ ಪಡೆಯ ಕಟ್ಟಳೆ ಮೊದಲು ವಿಚಿತ್ರವಾಗಿ ಕಂಡಿತ್ತು. ಕಂಪ್ಯೂಟರಿನಲ್ಲಿ ಯುದ್ಧವಾಡಲು ಬಂದವರಿಗೆ ಇದೆಲ್ಲ ಯಾಕೆ ಅಂದುಕೊಂಡಿದ್ದೆ. ಇವತ್ತು ನಿಮ್ಮದನ್ನು ನಾಲ್ಕು ಸಲ ಓದಿದೆ.

ಇಪ್ಪತ್ತೊಂದನೇ ವಯಸ್ಸಿನಲ್ಲಿ ನೀವು ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದಿರಿ. ಯಶವಂತಪುರದ ಒಂದು ಕಾರ್ಖಾನೆ ಆಟಗಾರರ ಕೋಟಾದಲ್ಲಿ ಒಂದೇ ಒಂದು ಕೆಲಸ ಕೊಡಲಿತ್ತು. ಆಯ್ಕೆಯ ದಿನ ಬೆಳಿಗ್ಗೆ ನಿಮ್ಮ ಜೊತೆ ಆಡುತ್ತಿದ್ದ ಗೆಳೆಯ ‘ಜಾಗ ಬದಲಾಗಿದೆ’ ಎಂದು ನಿಮ್ಮನ್ನು ಬೇರೊಂದು ಮೈದಾನಕ್ಕೆ ಕಳಿಸಿ, ತಾನು ಸರಿಯಾದ ಕಡೆಗೆ ಹೋದ. ನೀವು ಮಧ್ಯಾಹ್ನದವರೆಗೆ ಖಾಲಿ ಮೈದಾನದಲ್ಲಿ ಕಾದಿರಿ. ಕೊನೆಗೆ ಕೆಲಸ ಅವನಿಗೂ ಸಿಗಲಿಲ್ಲ. ಇಷ್ಟನ್ನೂ ಕಣ್ಣೀರಿಲ್ಲದೆ ಬರೆದಿದ್ದೀರಿ. ಜಗಲಿಯ ಕೆಳಗೆ ಮೂವತ್ತೊಂದು ಜನ ನಿಮಗೆ ಸಮಾಧಾನ ಹೇಳಿದ್ದಾರೆ.

ಒಂದು ಮಾತು ಕೇಳಬಹುದೇ? ಆ ಗೆಳೆಯನ ಹೆಸರು ಯಾಕೆ ಬರೆಯಲಿಲ್ಲ?

ಇಂತಿ,
ಬೇವಿನಮರ


(ಕರಡು. ಕಳಿಸಿಲ್ಲ.)
ಅದೇ ದಿನ

ವಾಸು,

ಹೆಸರು ನೀನು ಬರೆಯುವುದಿಲ್ಲ, ಯಾಕೆಂದರೆ ಕಥೆ ನಿನ್ನದಲ್ಲ. ಅದು ನಮ್ಮಣ್ಣ ಗಿರಿಯ ಕಥೆ. ಖಾಲಿ ಮೈದಾನದಲ್ಲಿ ಕಾದವನು ಅವನು. ಸುಳ್ಳು ಹೇಳಿ ಕಳಿಸಿದವನು ನೀನು.

‘ಉಣ್ಣೆಚೆಂಡು’ ಎಂಬ ಹೆಸರು ಕಂಡ ದಿನವೇ ನನಗೆ ಅನುಮಾನ ಬಂದಿತ್ತು. ಬಾಲ್ ಬ್ಯಾಡ್ಮಿಂಟನ್ನಿನ ಆ ಹಳದಿ ಉಣ್ಣೆಯ ಚೆಂಡನ್ನು ಮುಟ್ಟಿದವರು ಪಡೆಯ ಮೂವತ್ತೆಂಟು ಜನರಲ್ಲಿ ಎಷ್ಟು ಮಂದಿ ಇದ್ದಾರು? ಎಡಗೈ ಆಟ, ಕೊಡಿಗೇಹಳ್ಳಿಯ ಮನೆ, ಒಬ್ಬಳೇ ತಂಗಿ, ಎಲ್ಲವನ್ನೂ ನೀನೇ ಬರೆದಿದ್ದೀಯ. ಆವತ್ತು ನನಗೆ ಹದಿನಾಲ್ಕು. ಅಣ್ಣ ಮಧ್ಯಾಹ್ನ ಮೂರು ಗಂಟೆಗೆ ಬ್ಯಾಟರಾಯನಪುರದ ನಮ್ಮ ಮನೆಗೆ ವಾಪಸ್ ಬಂದು, ಗೋಡೆಗೆ ಮುಖ ಮಾಡಿ ಮಲಗಿದ. ಆಮೇಲೆ ಬ್ಯಾಟ್ ಹಿಡಿಯಲಿಲ್ಲ. ಈಗ ನಲವತ್ತು ಬೀದಿಗೆ ನೀರು ಬಿಡುವ ವಾಲ್ವ್ ತಿರುಗಿಸಿಕೊಂಡು ತಿರುಗುತ್ತಾನೆ. ಆವತ್ತು ನೀನು ಅವನ ಕೆಲಸ ಕೆಡಿಸಿದೆ. ಈಗ ಅವನ ಸಂಕಟವನ್ನೂ ಕದ್ದು, ನಿನ್ನದೆಂದು ಮಾರಿಕೊಳ್ಳುತ್ತಿದ್ದೀಯ.

ಅಮ್ಮನಿಗೆ ಹೋದ ಯುಗಾದಿಯಲ್ಲಿ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ. ದಿನಕ್ಕೊಂದು ಸಲ ನಿನ್ನ ಹೆಸರು ಹಿಡಿದು ಶಪಿಸುತ್ತಾಳೆ. ‘ಆ ವಾಸು ಬಾಯಲ್ಲಿ ತಪ್ಪಾಯ್ತು ಅಂತ ಬರ್ಬೇಕು, ಅದ ಕೇಳ್ದೆ ನಾನ್ ಓಗಲ್ಲ’ ಅನ್ನುತ್ತಾಳೆ. ಆ ಮಾತನ್ನು ನಿನ್ನ ಕೈಯಿಂದ ಬರೆಸಿಕೊಳ್ಳುತ್ತೇನೆ. ಅದಕ್ಕೆ ಎಷ್ಟು ತಿಂಗಳು ಬೇಕೋ ಅಷ್ಟು ತಿಂಗಳು ನಿನಗೆ ಗೆಳೆಯನಾಗಿರುತ್ತೇನೆ.

ರಮಾ


ಉಣ್ಣೆಚೆಂಡಿನಿಂದ ಬೇವಿನಮರಕ್ಕೆ
7 ಫೆಬ್ರವರಿ 2012

ಬೇವಿನಮರ ಗುರು,

ನಾಲ್ಕು ಸಲ ಓದಿದ್ಯಾ? ಬರೆದವನು ನಾನೇ ಎರಡು ಸಲ ಓದಿಲ್ಲ ಮಾರಾಯ.

ನಾನಿರೋದು ವಾಪಿಯಲ್ಲಿ, ಗುಜರಾತು. ಬಣ್ಣದ ಪುಡಿ ಮಾಡೋ ಫ್ಯಾಕ್ಟರಿ, ಮೂರು ಶಿಫ್ಟು. ಕೈ ತೊಳೆದರೂ ಉಗುರಲ್ಲಿ ನೀಲಿ ಉಳಿಯುತ್ತೆ. ಮದುವೆ ಇಲ್ಲ. ಇಲ್ಲಿ ಕನ್ನಡ ಮಾತಾಡ್ಬೇಕು ಅಂದ್ರೆ ಕನ್ನಡಿ ಮುಂದೆ ನಿಲ್ಬೇಕು. ಆದ್ದರಿಂದ ಈ ಪಡೆ ನನಗೆ ಬರೀ ಆಟ ಅಲ್ಲ. ಶಿಫ್ಟ್ ಮುಗಿಸಿ ಬಂದು ಜಗಲಿ ತೆಗೆದರೆ ನಾಗಸಂದ್ರದ ಟ್ರಾಫಿಕ್ ಬಗ್ಗೆ ಯಾರೋ ಬೈತಾ ಇರ್ತಾರೆ. ಅದನ್ನ ಓದ್ಕೊಂಡು ಊಟ ಮಾಡ್ತೀನಿ.

ಅವನ ಹೆಸರು ಕೇಳಿದ್ಯಲ್ಲ. ಪಡೆಯಲ್ಲಿ ಬೆಂಗಳೂರಿನವರೇ ಜಾಸ್ತಿ. ಹೆಸರು ಬರೆದರೆ ಯಾವನಾದ್ರೂ ಆವೇಶದಲ್ಲಿ ಹೋಗಿ ಅವರ ಮನೆ ಮುಂದೆ ನಿಲ್ತಾನೆ. ಒಂದು ಮನೆ ಮುಂದೆ ಜನ ಬಂದು ನಿಲ್ಲೋದು ಅಂದ್ರೆ ಏನು ಅಂತ ನನಗೆ ಗೊತ್ತು. ಹಂಗಂತ ಕ್ಷಮಿಸಿದ್ದೀನಿ ಅಂದ್ಕೋಬೇಡ. ಕ್ಷಮಿಸಿಲ್ಲ.

ನಿನ್ನ ಊರಿಗೆ ಗೋಡೆ ಆಮೇಲೆ ಕಟ್ಟು, ಮೊದಲು ಕಣಜ ದೊಡ್ಡದು ಮಾಡು. ಇನ್ನೂರು ಮೂಟೆ ಕಳಿಸ್ತಾ ಇದೀನಿ. ಇಟ್ಕೋ.

ಉಣ್ಣೆಚೆಂಡು


ಬೇವಿನಮರದಿಂದ ಉಣ್ಣೆಚೆಂಡು ಅವರಿಗೆ
26 ಫೆಬ್ರವರಿ 2012

ಧಾನ್ಯ ತಲುಪಿತು. ನನ್ನ ಊರಿಗೆ ಗೋಡೆಯೂ ಎದ್ದಿತು, ನಿಮ್ಮ ದಯೆ.

ನೀವು ನಿಮ್ಮದನ್ನು ಹೇಳಿದ ಮೇಲೆ ನಾನೂ ಸ್ವಲ್ಪ ಹೇಳಬೇಕು. ಆರ್.ಟಿ. ನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುತ್ತೇನೆ. ಮನೆಯಲ್ಲಿ ಯಾರೂ ಇಲ್ಲ. ನನಗೂ ಒಬ್ಬ ಗೆಳೆಯ ಮೋಸ ಮಾಡಿದ. ಅದನ್ನು ಬರೆಯುವ ಧೈರ್ಯ ಇನ್ನೂ ಬಂದಿಲ್ಲ, ನಿಮ್ಮಿಂದ ಕಲಿಯುತ್ತಿದ್ದೇನೆ.

ನೀವು ಮತ್ತಿಕೆರೆ ಮೈದಾನದಲ್ಲಿ ಒಬ್ಬರೇ ಬಿಸಿಲಿಗೆ ನಿಂತದ್ದು ಮತ್ತೆ ಮತ್ತೆ ನೆನಪಾಗುತ್ತದೆ. ಎಷ್ಟು ಹೊತ್ತಿಗೆ ನಿಮಗೆ ಮೋಸವೆಂದು ಹೊಳೆಯಿತು? ಆ ಗೆಳೆಯನೇ ಈಗ ಎದುರು ಬಂದರೆ ಏನು ಕೇಳುತ್ತೀರಿ? ‘ತಪ್ಪಾಯಿತು’ ಎಂದು ಅವನು ಬರೆದುಕೊಟ್ಟರೆ ಸಾಕೇ?

ನೀವು ಯಾವಾಗಲಾದರೂ ಊರಿಗೆ ಹೋಗುವುದಿದ್ದರೆ ನಿಮ್ಮ ಕೋಟೆಗೆ ನಾನು ಕಾವಲು ನಿಲ್ಲುತ್ತೇನೆ. ಪಡೆಯಲ್ಲಿ ಒಬ್ಬರ ಊರಿಗೆ ಇನ್ನೊಬ್ಬರು ಕಾವಲಿರುವುದು ಇದ್ದೇ ಇದೆಯಲ್ಲ. ನಂಬಿಕೆಯಿದ್ದರೆ ಮಾತ್ರ.

ಬೇವಿನಮರ


ಉಣ್ಣೆಚೆಂಡಿನಿಂದ ಬೇವಿನಮರಕ್ಕೆ
14 ಮಾರ್ಚ್ 2012

ನಿಮ್ಮ ಓಲೆಗೆ ಉತ್ತರ ತಡವಾಯಿತು.

ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಮಾಡಬೇಕೆಂದಿದ್ದಾರೆ. ಹತ್ತು ದಿನ ಕಂಪ್ಯೂಟರ್ ಮುಟ್ಟಲು ಆಗುವುದಿಲ್ಲ. ಕಾವಲು ನಿಲ್ಲುತ್ತೇನೆ ಅಂದಿರಿ. ನಾಳೆಯಿಂದ ನನ್ನ ಊರಿನ ಕೀಲಿ ನಿಮ್ಮ ಕೈಯಲ್ಲಿ.

ಗೊತ್ತಿರುವುದೇ ಆದರೂ ಹೇಳುತ್ತೇನೆ. ನನ್ನಲ್ಲಿ ನಾಲ್ಕು ಸಾವಿರದ ಇನ್ನೂರು ಸೈನಿಕರಿದ್ದಾರೆ. ಹದಿನಾಲ್ಕು ತಿಂಗಳ ಕೆಲಸ. ನನ್ನ ಹೊಲದ ಬೆಳೆ ಅವರ ಅರ್ಧ ಹೊಟ್ಟೆಗೂ ಸಾಲದು. ದಿನಕ್ಕೆರಡು ಸಲ ನಮ್ಮ ಪಡೆಯ ಬೇರೆ ಊರುಗಳಿಂದ ಧಾನ್ಯ ತರಿಸಿ ಕಣಜಕ್ಕೆ ಹಾಕಬೇಕು. ಕಣಜ ಖಾಲಿಯಾದರೆ ಗಂಟೆಗಿಷ್ಟು ಜನರಂತೆ ಸಾಯುತ್ತಾ ಹೋಗುತ್ತಾರೆ. ಶತ್ರು ಬರಬೇಕಾಗಿಲ್ಲ.

ಇಷ್ಟೇ. ನಿಮಗೆ ಬಿಟ್ಟದ್ದು.

ಉಣ್ಣೆಚೆಂಡು


ಬೇವಿನಮರದಿಂದ ಉಣ್ಣೆಚೆಂಡಿಗೆ
30 ಮಾರ್ಚ್ 2012

ವಾಸು,

ಆಸ್ಪತ್ರೆಯಿಂದ ಬಂದು ನಿನ್ನ ಊರು ನೋಡಿರುತ್ತೀಯ. ನಾಲ್ಕು ಸಾವಿರದ ಇನ್ನೂರರಲ್ಲಿ ಉಳಿದವರು ಹದಿನೇಳು. ಮೂರನೇ ದಿನ ಮಧ್ಯಾಹ್ನ ಕಣಜ ಖಾಲಿಯಾಯಿತು. ಆಮೇಲೆ ನಾನು ಗಂಟೆಗೊಂದು ಸಲ ತೆಗೆದು ನೋಡುತ್ತಿದ್ದೆ. ಲ್ಯಾಬಿನಲ್ಲಿ ನನ್ನ ಪಕ್ಕ ಕೂತು ಕೆಲಸ ಮಾಡುವ ಜಾಹಿದಾ ಕೇಳಿದಳು, ‘ಏನ್ ಕಣೇ, ಸ್ಕೋರ್ ನೋಡೋ ಹಂಗ್ ನೋಡ್ತಿದೀಯ?’ ಹೌದು ಅಂದೆ. ನಾನು ಯಾರನ್ನೂ ಕೊಲ್ಲಲಿಲ್ಲ. ನೀನು ಹೇಳಿದ ಕೆಲಸ ಮಾಡಲಿಲ್ಲ, ಅಷ್ಟೇ.

ನಾನು ಗಿರಿಯ ತಂಗಿ ರಮಾ. ನಿಮ್ಮಿಬ್ಬರ ಬ್ಯಾಟಿನ ಹಿಡಿಕೆಗೆ ದಾರ ಸುತ್ತಿಕೊಡುತ್ತಿದ್ದವಳು. ನಿನ್ನನ್ನು ವಾಸಣ್ಣ ಅನ್ನುತ್ತಿದ್ದವಳು.

ನಂಬಿದವನು ಕೈಕೊಟ್ಟರೆ ಹೇಗಿರುತ್ತದೆಂದು ನೀನು ಜಗಲಿಯಲ್ಲಿ ಚೆನ್ನಾಗಿ ಬರೆದಿದ್ದೆ, ಅನುಭವವಿಲ್ಲದೆ. ಈಗ ಅನುಭವವೂ ಆಯಿತು.

ಏಪ್ರಿಲ್ ಹದಿನೈದರೊಳಗೆ ನಿನ್ನ ಕೈಬರಹದಲ್ಲಿ ತಪ್ಪೊಪ್ಪಿಗೆ ಬೇಕು. ಗಿರಿಗೆ ನಾನು ಸುಳ್ಳು ಹೇಳಿದೆ, ನಾನು ಮೋಸಗಾರ ಎಂದಿರಬೇಕು. ಅದನ್ನು ಅಮ್ಮನಿಗೆ ಓದಿ ಹೇಳುತ್ತೇನೆ. ಬರದಿದ್ದರೆ ಹದಿನಾರನೇ ತಾರೀಕು ನೀನು ಯಾರೆಂದು ಜಗಲಿಯಲ್ಲಿ ಬರೆಯುತ್ತೇನೆ. ನಿನಗಿರುವುದು ಅದೊಂದೇ ಜಾಗ ಎಂದು ನೀನೇ ತಿಳಿಸಿದ್ದೀಯ.

ರಮಾ


ಬೇವಿನಮರದಿಂದ ಉಣ್ಣೆಚೆಂಡಿಗೆ
18 ಏಪ್ರಿಲ್ 2012

ಮೊನ್ನೆ ಬರೆದೆ. ನೀನೂ ಓದಿರುತ್ತೀಯ.

ನಮ್ಮ ಪಡೆಯ ದಳಪತಿ ಅಕ್ಬರ್ ಪಾಷಾ ಮೊದಲು ನಂಬಲಿಲ್ಲ. ‘ಉಣ್ಣೆಚೆಂಡು ಹಂಗಲ್ಲ, ಅವನು ಬಂದು ಹೇಳ್ಲಿ’ ಎಂದು ಎರಡು ದಿನ ಕಾದರು. ನೀನು ಬರಲಿಲ್ಲ. ಇವತ್ತು ಬೆಳಿಗ್ಗೆ ನಿನ್ನನ್ನು ಪಡೆಯಿಂದ ತೆಗೆದರು. ಸಮಾಧಾನ ಹೇಳಿದ್ದ ಮೂವತ್ತೊಂದು ಜನರಲ್ಲಿ ಒಬ್ಬ ಬರೆದಿದ್ದಾನೆ: ‘ಥೂ, ಇವನಿಗೋಸ್ಕರ ಅತ್ತಿದ್ದೆ ಮಚ್ಚಾ.’

ಸುಮ್ಮನಿದ್ದರೆ ತಪ್ಪಿಸಿಕೊಂಡೆ ಎಂದುಕೊಳ್ಳಬೇಡ. ತಪ್ಪೊಪ್ಪಿಗೆ ಇನ್ನೂ ಬರಬೇಕಿದೆ. ಅಮ್ಮ ಅನ್ನ ಬಿಟ್ಟು ಗಂಜಿಗೆ ಬಂದಿದ್ದಾಳೆ.

ರಮಾ


ಉಣ್ಣೆಚೆಂಡಿನಿಂದ ಬೇವಿನಮರಕ್ಕೆ
10 ಜೂನ್ 2012

ರಮಾ ಅವರಿಗೆ,

ನಿಮಗೆ ಹದಿನಾಲ್ಕು ವರ್ಷವಿದ್ದಾಗ ‘ನೀನು’ ಅನ್ನುತ್ತಿದ್ದೆ. ಈಗ ‘ನೀವು’ ಅನ್ನುತ್ತಿದ್ದೇನೆ. ಮರ್ಯಾದೆಗಲ್ಲ, ದೂರ ಇರಲಿ ಎಂದು.

ನೀವು ಯಾರೆಂದು ನನಗೆ ಫೆಬ್ರವರಿಯಲ್ಲೇ ತಿಳಿಯಿತು. ‘ಮತ್ತಿಕೆರೆ ಮೈದಾನ’ ಎಂದು ಬರೆದಿರಿ. ನಾನು ಜಗಲಿಯಲ್ಲಿ ‘ಬೇರೊಂದು ಮೈದಾನ’ ಎಂದಷ್ಟೇ ಬರೆದಿದ್ದೆ. ಆ ಹೆಸರು ಗೊತ್ತಿರುವುದು ಎರಡೇ ಮನೆಗೆ. ಗಿರಿಗೆ ಇಷ್ಟು ಒಳ್ಳೆಯ ಕನ್ನಡ ಬರೆಯಲು ಬರುವುದಿಲ್ಲ. ಹದಿನೈದು ದಿನ ಯೋಚಿಸಿ, ಆಮೇಲೆ ಕೀಲಿ ಕೊಟ್ಟೆ. ಹದಿನಾರು ವರ್ಷದಿಂದ ನಿಮ್ಮ ಮನೆಯವರು ನನ್ನನ್ನು ನಂಬಿಕೆದ್ರೋಹಿ ಎನ್ನುತ್ತಿದ್ದಾರೆ. ಅವರಲ್ಲೊಬ್ಬರ ಕೈಗೆ ನಂಬಿ ಏನಾದರೂ ಕೊಟ್ಟರೆ ಏನು ಮಾಡುತ್ತಾರೆಂದು ನೋಡಬೇಕಿತ್ತು. ನೋಡಿದೆ.

ಈಗ ಆ ದಿನದ ವಿಷಯ. 1996, ಮೇ 19, ಭಾನುವಾರ. ಬೆಳಿಗ್ಗೆ ಆರೂವರೆಗೆ ಗಿರಿ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದ. ಕೆಳಗೆ ಇಳಿಯಲಿಲ್ಲ. ‘ಮಗಾ, ಜಾಗ ಚೇಂಜ್ ಆಗೈತಂತೆ, ಮತ್ತಿಕೆರೆಗೆ ಹೋಗು, ನಾನು ಬ್ಯಾಟ್ ತಗೊಂಡು ಹಿಂದೇನೇ ಬರ್ತೀನಿ’ ಅಂದ. ಹೋದೆ. ಅಲ್ಲಿ ಎಮ್ಮೆಗಳಿದ್ದವು. ಮಧ್ಯಾಹ್ನ ಒಂದು ಗಂಟೆಯವರೆಗೆ ನಿಂತೆ. ಅವನಿಗೆ ಏನಾದರೂ ಅಪಘಾತವಾಯಿತೇನೋ ಎಂದು ಹೆದರಿ ನಿಮ್ಮ ಮನೆ ಕಡೆಗೇ ಹೊರಟಿದ್ದೆ.

ಎರಡು ತಿಂಗಳಾದ ಮೇಲೆ ಜಾಲಹಳ್ಳಿ ತಂಡದ ವೆಂಕಟಸ್ವಾಮಿ ಸಿಕ್ಕು ಹೇಳಿದ: ‘ನಿಮ್ ಗಿರಿ ಬಂದಿದ್ದ ಗುರು, ಎರಡ್ನೇ ಸುತ್ತಲ್ಲೇ ತೆಗೆದ್ರು, ಸರ್ವೀಸೇ ದಾಟ್ಸೋಕಾಗ್ಲಿಲ್ಲ.’ ನನ್ನನ್ನು ದಾರಿ ತಪ್ಪಿಸಿ ಹೋದವನು ಅಲ್ಲಿ ಸೋತ. ಸೋತೆನೆಂದು ಮನೆಯಲ್ಲಿ ಹೇಳಲಾರದೆ, ನನ್ನ ದಿನವನ್ನು ತನ್ನದು ಮಾಡಿಕೊಂಡ, ತನ್ನದನ್ನು ನನಗೆ ಹಾಕಿದ.

ಅಷ್ಟರಲ್ಲಿ ನಿಮ್ಮಮ್ಮ ನಮ್ಮ ಬಾಗಿಲಿಗೆ ಬಂದು, ಬೀದಿಯೆಲ್ಲ ನೋಡುತ್ತಿರುವಾಗ ಮೂರು ಹಿಡಿ ಮಣ್ಣು ತೂರಿ ಶಾಪ ಹಾಕಿ ಹೋಗಿದ್ದರು. ನನ್ನ ತಂಗಿ ಶಿಲ್ಪಳನ್ನು ನೋಡಲು ಬರಬೇಕಿದ್ದ ಗಂಡಿನವರು ಬರಲಿಲ್ಲ. ನಮ್ಮಪ್ಪ ಆವಲಪ್ಪ ಯಾರ ಮುಂದೂ ತಲೆ ತಗ್ಗಿಸಿದವರಲ್ಲ. ಅವರು ನನ್ನನ್ನು ಒಂದೇ ಮಾತು ಕೇಳಿದರು, ‘ನಿಜವೇನೋ?’ ಅಲ್ಲ ಅಂದೆ. ನಂಬಲಿಲ್ಲ. ಸಾಯುವವರೆಗೆ ಆರು ವರ್ಷ ನನ್ನ ಜೊತೆ ಮಾತಾಡಲಿಲ್ಲ. ನಾನು ನಿಮ್ಮ ಮನೆಗೆ ಹೇಳಲು ಬಂದ ದಿನ ನಿಮ್ಮಮ್ಮ ಪೊರಕೆ ಹಿಡಿದು ಬಂದರು. ಬಾಗಿಲ ಹಿಂದೆ ಗಿರಿ ನಿಂತಿದ್ದ. ಅವನ ಕಾಲು ಕಾಣುತ್ತಿತ್ತು.

ನನ್ನನ್ನು ನಂಬಬೇಡಿ. ನೀವು ಆಟಗಾರನ ತಂಗಿ, ಒಂದು ವಿಷಯ ನಿಮಗೆ ಗೊತ್ತು. ಪಂದ್ಯದಲ್ಲಿ ನಂಬರು ಬನಿಯನ್ನಿನ ಬೆನ್ನ ಮೇಲಿರುತ್ತದೆ. ಬಿಳಿ ಬಟ್ಟೆಯ ತುಂಡಿಗೆ ನಂಬರು ಬರೆದು, ಮೊಹರು ಒತ್ತಿ, ಎದೆಗೆ ಪಿನ್ನು ಹಾಕುವುದು ಆಯ್ಕೆಯ ದಿನ ಮಾತ್ರ, ಯಾಕೆಂದರೆ ಆಯ್ಕೆ ಮಾಡುವವರಿಗೆ ಹುಡುಗರ ಗುರುತಿರುವುದಿಲ್ಲ. ಆ ಬಟ್ಟೆಯನ್ನು ಯಾವ ಆಟಗಾರನೂ ಬಿಸಾಡುವುದಿಲ್ಲ, ಸೋತವನು ಕೂಡ. ಅದು ನಮ್ಮೆಲ್ಲರ ಹುಚ್ಚು. ಗಿರಿಯ ಹತ್ತಿರ ಇದ್ದೇ ಇರುತ್ತದೆ. ಹುಡುಕಿ.

ವಾಸು


ಬೇವಿನಮರದಿಂದ ಉಣ್ಣೆಚೆಂಡು ಅವರಿಗೆ
13 ಜೂನ್ 2012

ಅಣ್ಣ ನೀರು ಬಿಡಲು ಹೋದಾಗ ಅವನ ತಗಡಿನ ಪೆಟ್ಟಿಗೆ ತೆಗೆದೆ. ನಿಮ್ಮ ಮಾತು ಸುಳ್ಳೆಂದು ತೋರಿಸಲೆಂದೇ ತೆಗೆದೆ, ಅದನ್ನು ನೀವು ತಿಳಿದಿರಬೇಕು.

ಬ್ಯಾಟಿನ ಚೀಲದೊಳಗೆ ಆ ಬಟ್ಟೆಯ ತುಂಡು ಇತ್ತು. ನಂಬರು ನಲವತ್ತೊಂದು. ಕಾರ್ಖಾನೆಯ ಮೊಹರು, ಮೇ 19. ನಾಲ್ಕು ಪಿನ್ನುಗಳೂ ಇವೆ, ತುಕ್ಕು ಹಿಡಿದು ಬಟ್ಟೆಗೆ ಕಚ್ಚಿಕೊಂಡಿವೆ.

ಜಗಲಿಯಲ್ಲಿ ನಾನು ಬರೆದದ್ದು ಸುಳ್ಳೆಂದು ಈಗಷ್ಟೇ ಬರೆದೆ. ಕಾವಲಿನಲ್ಲಿ ನಾನು ಮಾಡಿದ್ದನ್ನೂ ಬರೆದೆ. ಅವರು ನನ್ನನ್ನು ತೆಗೆಯುವುದಕ್ಕೆ ಮೊದಲು ಈ ಓಲೆ ಕಳಿಸುತ್ತಿದ್ದೇನೆ. ನಿಮ್ಮ ಹತ್ತಿರ ಏನನ್ನೂ ಕೇಳುವುದಕ್ಕೆ ನನಗೆ ಬಾಯಿಲ್ಲ.

ಅಮ್ಮ ಮಾತ್ರ ಇನ್ನೂ ಕಾಯುತ್ತಿದ್ದಾಳೆ. ಡಾಕ್ಟರು ತಿಂಗಳುಗಳ ಲೆಕ್ಕ ಬಿಟ್ಟು ವಾರಗಳ ಮಾತಾಡುತ್ತಿದ್ದಾರೆ. ಮಗ ಹೀಗೆಂದು ಈಗ ಅವಳಿಗೆ ಹೇಳಲಾರೆ. ಅದು ನನ್ನ ಪಾಡು.

ರಮಾ


ಅಂಚೆಯಲ್ಲಿ ಬಂದದ್ದು
ವಾಪಿ, 20 ಜೂನ್ 2012

ರಮಾ ಅವರಿಗೆ,

ನಿಮ್ಮ ಮನೆಯ ವಿಳಾಸ ಮರೆತಿಲ್ಲ. ಪಾಷಾ ನನಗೆ ಬರೆದಿದ್ದರು, ವಾಪಸ್ ಬಾ ಎಂದು. ನೋಡೋಣ ಅಂದಿದ್ದೇನೆ.

ನೀವು ತಪ್ಪೊಪ್ಪಿಗೆ ಕೇಳಿದ್ದಿರಿ. ಇನ್ನೊಂದು ಹಾಳೆಯಲ್ಲಿದೆ, ನನ್ನ ಕೈಬರಹ, ನನ್ನ ರುಜು. ನೀವು ಹೇಳಿದ ಮಾತುಗಳನ್ನೇ ಬರೆದಿದ್ದೇನೆ, ಒಂದೆರಡು ನಾನೇ ಸೇರಿಸಿದ್ದೇನೆ.

ಇದನ್ನು ದಯೆ ಎಂದು ತಿಳಿಯಬೇಡಿ. ನಿಮ್ಮಮ್ಮನ ಮೇಲೆ ನನಗೆ ಕರುಣೆಯಿಲ್ಲ. ನಮ್ಮಪ್ಪ ಕೊನೆಗಾಲದಲ್ಲಿ ನೀರು ಕೇಳಿದ್ದು ಕೂಡ ನನ್ನ ಕೈಯಿಂದಲ್ಲ. ಈ ಹಾಳೆ ಓದಿದರೆ ಸಾಯುವವರ ಮುಂದೆ ಸುಳ್ಳು ಓದುತ್ತೀರಿ. ಓದದಿದ್ದರೆ ಅವರು ಕಾಯುತ್ತಲೇ ಹೋಗುತ್ತಾರೆ. ಎರಡರಲ್ಲಿ ಯಾವುದನ್ನು ಮಾಡಿದರೂ ಅದು ನಿಮ್ಮ ಮನೆಯದು. ಹದಿನಾರು ವರ್ಷ ನಾನು ಹೊತ್ತಿದ್ದೆ. ಈಗ ಅಂಚೆಗೆ ಹಾಕುತ್ತಿದ್ದೇನೆ.

ವಾಸು

(ಇನ್ನೊಂದು ಹಾಳೆ)

ಗೋಪಾಲಮ್ಮನವರಿಗೆ ಕೊಡಿಗೇಹಳ್ಳಿ ಆವಲಪ್ಪನ ಮಗ ವಾಸು ಬರೆದುಕೊಡುವುದೇನೆಂದರೆ: ಆಯ್ಕೆಯ ದಿನ ನಿಮ್ಮ ಮಗ ಗಿರಿಗೆ ನಾನು ಸುಳ್ಳು ಹೇಳಿ ಮತ್ತಿಕೆರೆಗೆ ಕಳಿಸಿದೆ. ಅವನು ನನ್ನನ್ನು ನಂಬಿ ಹೋದ. ಮೋಸ ಮಾಡಿದವನು ನಾನು. ಗಿರಿ ಜೀವನದಲ್ಲಿ ಯಾರಿಗೂ ಮೋಸ ಮಾಡಿದವನಲ್ಲ. ನೀವು ನಮ್ಮ ಬಾಗಿಲಿಗೆ ಮಣ್ಣು ತೂರಿದ್ದು ನ್ಯಾಯವಾಗಿತ್ತು. ತಪ್ಪಾಯಿತು.


ಅಂಚೆಯಲ್ಲಿ ಕಳಿಸಿದ್ದು
ಬ್ಯಾಟರಾಯನಪುರ, 22 ಜುಲೈ 2012

ವಾಸಣ್ಣ,

ನಿಮ್ಮ ಹಾಳೆ ಬಂದ ಮೇಲೆ ಎರಡು ದಿನ ನನ್ನ ಲ್ಯಾಬಿನ ಚೀಲದಲ್ಲೇ ಇತ್ತು. ನೀವು ಕಳಿಸಿದ್ದನ್ನು ನಾನು ಹೊರುವುದಿಲ್ಲ ಎಂದು ಎರಡನೇ ದಿನ ತೀರ್ಮಾನಿಸಿದೆ. ಹೊರಬೇಕಾದವನು ಮನೆಯಲ್ಲೇ ಇದ್ದ.

ಜೂನ್ 28, ಗುರುವಾರ ಸಂಜೆ ಅಮ್ಮನಿಗೆ ಹೇಳಿದೆ, ವಾಸು ಕಾಗದ ಬರೆದಿದ್ದಾನೆ ಎಂದು. ‘ಓದು’ ಅಂದಳು. ನನಗೆ ಕಣ್ಣು ಉರಿಯುತ್ತಿದೆ, ಅಣ್ಣ ಓದಲಿ ಅಂದೆ. ಅಣ್ಣ ಆಗ ಕೈಕಾಲು ತೊಳೆದು ಬಂದಿದ್ದ. ‘ಯಾವ್ ವಾಸು?’ ಅಂದ. ಲಕೋಟೆ ಕೊಟ್ಟೆ. ಹಾಳೆಯ ಹಿಂದೆ ನಲವತ್ತೊಂದರ ಬಟ್ಟೆಯನ್ನು ಮಡಿಸಿಟ್ಟಿದ್ದೆ. ಹಾಳೆ ಬಿಡಿಸಿದಾಗ ಅದು ಅವನ ತೊಡೆಯ ಮೇಲೆ ಬಿತ್ತು.

ಅವನು ಅದನ್ನೇ ನೋಡಿದ. ಆಮೇಲೆ ನನ್ನನ್ನು. ನಾನು ದೀಪದ ಬತ್ತಿ ಹೊಸೆಯುತ್ತಿದ್ದೆ, ನಿಲ್ಲಿಸಲಿಲ್ಲ.

‘ಏನ್ ಬರ್ದವ್ನೆ, ಓದೋ’ ಅಂದಳು ಅಮ್ಮ.

ಓದಿದ. ನನ್ನ ಎದುರಿಗೆ ಕೂತು ಓದಿದ. ‘ಯಾರಿಗೂ ಮೋಸ ಮಾಡಿದವನಲ್ಲ’ ಎಂಬಲ್ಲಿ ಓದು ನಿಂತಿತು. ಅಮ್ಮನಿಗೆ ಅದು ಸಂಕಟವೆಂದು ತೋರಿತು. ಎಡಗೈಯಲ್ಲಿ ಅವನ ಮೊಣಕಾಲು ಸವರಿ, ‘ಅಳ್ಬೇಡ ಕಂದ, ಒಪ್ಕಂಡ್ನಲ್ಲ, ಮುಂದಕ್ ಓದು’ ಅಂದಳು. ಮುಂದಕ್ಕೂ ಓದಿದ. ಅವತ್ತು ಅವಳು ಅರ್ಧ ಬಟ್ಟಲು ಅನ್ನ ಉಂಡಳು.

ಮಾರನೇ ದಿನ ಸಂಜೆ ಮತ್ತೆ ಕೇಳಿದಳು. ಅದರ ಮಾರನೇ ದಿನವೂ. ಡಾಕ್ಟರು ಹೇಳಿದ ವಾರಗಳು ಮುಗಿದವು, ಅವಳು ಹೋಗಲಿಲ್ಲ. ಇನ್ನೂ ಗಟ್ಟಿಯಾಗಿದ್ದಾಳೆ. ಬೀದಿಯ ಮುನಿಕೆಂಪಮ್ಮ ಬಂದರೂ ಓದಿಸುತ್ತಾಳೆ. ‘ಕೇಳಮ್ಮ, ನನ್ ಮಗ ಎಂಥೋನು ಅಂತ ವೈರಿ ಕೈಲೇ ಬರ್ಸವ್ನೆ ಆ ದ್ಯಾವ್ರು’ ಅನ್ನುತ್ತಾಳೆ.

ಅಣ್ಣ ಎರಡು ಸಲ ನೀರು ಬಿಡುವ ಕೆಲಸ ತಡವಾಯಿತೆಂದು ರಾತ್ರಿಯವರೆಗೆ ಬರಲಿಲ್ಲ. ಅಮ್ಮ ಉಣ್ಣದೆ ಕಾದಳು. ಈಗ ಆರು ಗಂಟೆಗೆ ತಾನೇ ಬರುತ್ತಾನೆ. ಅಮ್ಮನಿಗೆ ನಿಜ ಹೇಳಲು ಅವನಿಗೆ ಯಾರೂ ಅಡ್ಡಿ ಮಾಡಿಲ್ಲ. ಇಷ್ಟು ದಿನಗಳಲ್ಲಿ ಒಂದು ದಿನವೂ ಹೇಳಿಲ್ಲ.

ನಿನ್ನೆ ಹಾಳೆ ಮಡಿಸುವಾಗ, ಅಮ್ಮ ಕಣ್ಣು ಮುಚ್ಚಿದ್ದಾಳೆ ಎಂದುಕೊಂಡು ಮೆಲ್ಲಗೆ ಕೇಳಿದ, ‘ಇನ್ನೂ ಎಷ್ಟ್ ದಿನ ಓದ್ಬೇಕು ರಮಾ?’

ಅಮ್ಮನಿಗೆ ಸಾಕು ಅನ್ನಿಸುವವರೆಗೆ ಅಂದೆ.

ಅಮ್ಮ ಕಣ್ಣು ಬಿಡದೆಯೇ, ‘ಸಾಕೇನ್ ಬಂತು, ಇನ್ನೊಂದ್ ಕಿತ ಓದಪ್ಪ’ ಅಂದಳು. ಅಣ್ಣ ಹಾಳೆ ಬಿಡಿಸಿ, ಮೊದಲಿನಿಂದ ಶುರು ಮಾಡಿದ.

ರಮಾ